ಇಪ್ಪತ್ತೇಳನೆಯ ಬಂದೂಕಿಗೆ ಮಾಡಿದ ಜಾಗ

ಮಸ್ಕಿಯ ಹಳೆಯ ಪೇಟೆಯಲ್ಲಿ ಕರಿಬಸಪ್ಪನವರ ಅಂಗಡಿ ಒಂದು ಎತ್ತಿನ ಬಂಡಿ ನಿಲ್ಲುವಷ್ಟು ಮಾತ್ರ ಅಗಲವಾಗಿತ್ತು. ಮೊಳೆ, ಸರಪಳಿ, ಬಾವಿಯ ಹಗ್ಗ, ನೇಗಿಲ ಕುಡ, ಕಳೆ ಕೀಳುವ ಕುರ್ಪಿ ಇವೆಲ್ಲವೂ ಅದರಲ್ಲಿಯೇ ಹಿಡಿದಿದ್ದವು. ಇವುಗಳ ಜೊತೆಗೆ ಬಂದೂಕಿನ ಮದ್ದು, ಸೀಸದ ಗುಂಡು, ಮದ್ದಿಗೆ ಕಿಡಿ ಹತ್ತಿಸುವ ಕೇಪುಗಳನ್ನೂ ಅವರು ಮಾರುತ್ತಿದ್ದರು. ಆ ಪರವಾನಗಿ ಅವರ ತಂದೆಯ ಕಾಲದಿಂದ ಬಂದದ್ದು. ಚಿಕ್ಕ ಬಕೀಟು ದೊಡ್ಡ ಬಕೀಟಿನೊಳಗೆ, ಅದರೊಳಗೆ ಸರಪಳಿ, ಸರಪಳಿಯ ಸುರುಳಿಯ ನಡುವೆ ಮೊಳೆಯ ಪೊಟ್ಟಣ: ಹೀಗೆ ಒಂದರ ಹೊಟ್ಟೆಯಲ್ಲಿ ಇನ್ನೊಂದನ್ನು ಇಡುತ್ತಿದ್ದರು. ಗಿರಾಕಿ ಕೇಳಿದ್ದನ್ನು ತಿರುಗಿ ನೋಡದೆಯೇ ಕೈಹಾಕಿ ತೆಗೆಯುತ್ತಿದ್ದರು. ಆ ಅಂಗಡಿಯಲ್ಲಿ ಇಲಿಗೆ ಕೂಡ ಜಾಗವಿಲ್ಲವೆಂದು ಪೇಟೆಯವರು ನಗುತ್ತಿದ್ದರು.

ನಾನು ಅಲ್ಲಿನ ಶಾಲೆಗೆ ಉಪಾಧ್ಯಾಯನಾಗಿ ಹೋದಾಗ ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರ ಹೆಂಡತಿ ಪಾರ್ವತೆಮ್ಮನವರು ನನಗೂ ಎರಡು ರೊಟ್ಟಿ ಹೆಚ್ಚಾಗಿ ತಟ್ಟುತ್ತಿದ್ದರು. ಮಕ್ಕಳಿರಲಿಲ್ಲ. ಕರಿಬಸಪ್ಪನವರು ಹೆಚ್ಚು ಮಾತಿನವರಲ್ಲ. ಆದರೆ ಒಮ್ಮೆ ಆಗಲಿ ಎಂದರೆ ಊರಿನವರು ಅದನ್ನು ಆದಂತೆಯೇ ಎಣಿಸುತ್ತಿದ್ದರು.

೧೯೪೮ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಮುಂದಿನ ಸಂಕ್ರಾಂತಿ ಕಳೆದ ಮೇಲೆ, ಊರೂರಿನ ಬಂದೂಕುಗಳನ್ನು ಒಪ್ಪಿಸಬೇಕೆಂದು ಡಂಗುರ ಹೊಡೆಸಿದರು. ಲಿಂಗಸುಗೂರಿನಿಂದ ಬಂದ ಅಧಿಕಾರಿಗಳು ಒಂದು ಸವಲತ್ತು ಕೊಟ್ಟರು. ಕರಿಬಸಪ್ಪನವರ ಅಂಗಡಿಯಲ್ಲಿ ಕಬ್ಬಿಣದ ಕಪಾಟಿರುವುದರಿಂದ, ಅದರೊಳಗೆ ಹಿಡಿದಷ್ಟು ಬಂದೂಕುಗಳನ್ನು ಅಲ್ಲಿಯೇ ಇಟ್ಟು ಅರಗಿನ ಮುದ್ರೆ ಒತ್ತಬಹುದು. ಹಿಡಿಯದೆ ಉಳಿದವು ಲಾರಿಯಲ್ಲಿ ರಾಯಚೂರಿಗೆ ಹೋಗತಕ್ಕದ್ದು. ಲಾರಿ ಹತ್ತಿದ ಬಂದೂಕು ತಿರುಗಿ ಬರುವುದುಂಟೆ ಎಂದು ಜನ ಅಂಜಿದರು. ಎಲ್ಲರೂ ಕರಿಬಸಪ್ಪನವರ ಕಟ್ಟೆಗೆ ಬಂದು ಕೈಮುಗಿದರು. ಕಪಾಟಿಗೆ ಹೋದ ಬಂದೂಕು ಹೋದ ಹಾಗೆಯೇ ನಿಮ್ಮ ಕೈಗೆ ಬರುತ್ತದೆ ಎಂದು ಅವರು ಎಲ್ಲರೆದುರು ಮಾತು ಕೊಟ್ಟರು.

ಆ ಕಪಾಟು ಒಂದಾಳೆತ್ತರದ್ದು. ಹತ್ತು ಬಂದೂಕುಗಳನ್ನು ಆನಿಸಿ ನಿಲ್ಲಿಸಲು ಅದರೊಳಗೆ ಹತ್ತು ಕಚ್ಚುಗಳಿದ್ದವು. ಬಂದ ಬಂದೂಕುಗಳು ಇಪ್ಪತ್ತಾರು. ಎಲ್ಲವೂ ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಉದ್ದ ಬಂದೂಕುಗಳು.

ಕರಿಬಸಪ್ಪನವರು ಅಂಗಿ ಬಿಚ್ಚಿಟ್ಟು ಕೆಲಸಕ್ಕೆ ನಿಂತರು. ಮೊದಲು ಕಚ್ಚಿನ ಹಲಗೆಯನ್ನೇ ಕಿತ್ತು ಹೊರಗಿಟ್ಟರು. ಮೇಲಿನ ಖಾನೆಯನ್ನು ತೆಗೆದರು. ಒಂದು ಬಂದೂಕನ್ನು ಬಾಯಿ ಮೇಲಾಗಿ, ಅದರ ಮಗ್ಗುಲಿನದನ್ನು ಬಾಯಿ ಕೆಳಗಾಗಿ ನಿಲ್ಲಿಸಿದರು. ಹಾಗೆ ಮಾಡಿದರೆ ದಪ್ಪನೆಯ ಮರದ ಹಿಡಿಗಳು ಒಂದಕ್ಕೊಂದು ತಾಕುವುದಿಲ್ಲ. ಮದ್ದು ಗಿಡಿಯುವ ಗಜಗಳನ್ನೆಲ್ಲ ಹಿರಿದು, ಒಂದು ಸಿವುಡು ಕಟ್ಟಿ, ಬಾಗಿಲಿನ ಒಳಮೈಗೆ ತೊಗಲಿನ ಕುಣಿಕೆ ಹಾಕಿ ತೂಗಿಬಿಟ್ಟರು. ಹೆಗಲಿನ ಪಟ್ಟಿಗಳನ್ನು ಬಿಚ್ಚಿ ಸುತ್ತಿ ಮೂಲೆಗೆ ತುರುಕಿದರು. ಯಾರ ಬಂದೂಕು ಯಾವುದು ಎಂಬ ಚೀಟಿಗಳನ್ನು ನಾನು ಬರೆದು ಕೊಟ್ಟೆ. ಕಬ್ಬಿಣಕ್ಕೆ ಕಬ್ಬಿಣ ತಾಗಿ ಗೀರು ಬೀಳಬಾರದೆಂದು, ಕುರುಬರ ಓಣಿಯಿಂದ ಎರಡು ಹೊಸ ಕಂಬಳಿಗಳನ್ನು ತರಿಸಿ, ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ನಡುವೆ ನಡುವೆ ಸೇರಿಸಿದರು. ಬಾಗಿಲ ಹತ್ತಿರದ ಸಾಲಿಗೆ ಬರುವಷ್ಟರಲ್ಲಿ ಕಂಬಳಿ ಮುಗಿಯುತ್ತ ಬಂತು. ಹೊರಗಿನವು ಹೇಗೂ ಒಂದಕ್ಕೊಂದು ತಾಗದಷ್ಟು ಸಡಿಲಾಗಿವೆ ಎಂದು ಅವನ್ನು ಬರಿಮೈಯಲ್ಲಿಯೇ ಬಿಟ್ಟರು. ಇಪ್ಪತ್ತಾರೂ ಹಿಡಿದವು. ನಿಂತವರು ಬೆರಗಾದರು.

ಅಷ್ಟರಲ್ಲಿ ಗುಡ್ಡದ ಕಡೆಯಿಂದ ಗದ್ದೆಪ್ಪ ಓಡುತ್ತ ಬಂದ. ಹಿಂದೆ ಅವನ ಹೆಂಡತಿ ಜಂಬಮ್ಮ. ಗದ್ದೆಪ್ಪನಿಗೆ ಹೊಲವಿರಲಿಲ್ಲ. ಗುಡ್ಡದಡಿಯ ಜೋಳದ ಹೊಲಗಳಿಗೆ ಕಾಡುಹಂದಿ ಇಳಿಯದಂತೆ ಕಾಯುವುದು ಅವನ ಅಜ್ಜನ ಕಾಲದಿಂದ ಬಂದ ಕೆಲಸ. ಸುಗ್ಗಿಯಲ್ಲಿ ಹೊಲದವರು ಕೊಡುವ ಕಾಳೇ ಅವನ ಮನೆಯ ಅನ್ನ. ಬಂದೂಕು ಹೋದರೆ ಆ ಕೆಲಸವೂ ಹೋದಂತೆಯೇ. ಕಪಾಟು ತುಂಬಿತೆಂದು ಅಧಿಕಾರಿಗಳು ಲಾರಿಯ ಕಡೆಗೆ ಕೈ ತೋರಿದರು.

ಜಂಬಮ್ಮ ಅಂಗಡಿಯ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಳು. “ಸಾವಕಾರ್ರೀ, ಅಷ್ಟೂ ಮಂದೀದು ಹಿಡಿಸೀರಿ. ನಮ್ಮದೊಂದು ಹೆಚ್ಚಾತೇನ್ರಿ? ಅದು ಲಾರಿ ಹತ್ತಿದ್ರ ನಾವೂ ಹತ್ತತೀವಿ. ಇಲ್ಲಿದ್ದು ಏನ್ ಮಾಡೂದೈತಿ?”

ಕರಿಬಸಪ್ಪನವರು ಕಪಾಟಿನ ಸಂದಿಗಳನ್ನು ಬೆರಳಿನಿಂದ ಅಳೆದು ನೋಡಿದರು. ಆಮೇಲೆ ಗದ್ದೆಪ್ಪನ ಬಂದೂಕಿನ ನಳಿಗೆಯನ್ನು ಮರದ ಹಿಡಿಯಿಂದ ಬಿಡಿಸಿದರು. ಹಿಡಿಯನ್ನು ಕೆಳಗಿನ ಸಂದಿಯಲ್ಲಿ ಮಲಗಿಸಿದರು. ಬಿಡಿ ನಳಿಗೆ ಅಲುಗಾಡಿ ಪೆಟ್ಟಾದೀತೆಂದು, ಉಳಿದಿದ್ದ ಕಂಬಳಿಯ ಅಗಲವಾದ ತುಂಡನ್ನು ಅದಕ್ಕೆ ಮೂರು ಸುತ್ತು ಸುತ್ತಿ, ಹಿಂಬದಿಯ ಮೂಲೆಯಲ್ಲಿ ಓರೆಯಾಗಿ ತೂರಿಸಿದರು. ಬಾಗಿಲಿಗೆ ಮೊಣಕಾಲು ಕೊಟ್ಟು ಒತ್ತಿ ಬೀಗ ಹಾಕಿದರು. ಅಧಿಕಾರಿಗಳು ಶಹಬ್ಬಾಸ್ ಎಂದು ಹೇಳಿ ಅರಗಿನ ಮುದ್ರೆ ಒತ್ತಿದರು. ಹುಕುಂ ಬರುವ ತನಕ ಆ ಮುದ್ರೆಯನ್ನು ಯಾರೂ ಮುಟ್ಟಕೂಡದೆಂದು ಬರೆಯಿಸಿಕೊಂಡರು. ಕಪಾಟಿಲ್ಲದ ಆಚೆಯ ಎರಡು ಹಳ್ಳಿಗಳ ಬಂದೂಕುಗಳನ್ನು ಹೊತ್ತು ಲಾರಿ ಹೋಯಿತು. ಆ ಹಳ್ಳಿಗಳವರನ್ನು ಕಂಡು ನಮ್ಮವರು ಮರುಗಿದರು.

ಆ ದಿನ ಅಲ್ಲಿರಬೇಕಾಗಿದ್ದು ಇಲ್ಲದವರೆಂದರೆ ಇಮಾಮ್‌ಸಾಬ್ ಒಬ್ಬರೇ. ಸುತ್ತಲ ಹಳ್ಳಿಗಳ ಬಂದೂಕುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವರು ಅವರು. ನಿಜಾಮರ ಆಳ್ವಿಕೆ ಮುಗಿಯುವಾಗ ಹಿಂದೂ ಮುಸಲ್ಮಾನರ ನಡುವೆ ಗಲಾಟೆಯಾದ ಮೇಲೆ ಆ ಕೆಲಸ ಬಿಟ್ಟು ಕಂದೀಲು, ಬೀಗ, ಸ್ಟವ್ ಬಿಚ್ಚುತ್ತ ಕುಳಿತಿದ್ದರು. ಮುಸಲ್ಮಾನನ ಕೈಯಲ್ಲಿ ಬಂದೂಕು ಕಂಡರೆ ಜನ ಏನೆಂದಾರೋ ಎಂದು ಅವರಿಗೂ ಅಂಜಿಕೆ, ಅವರನ್ನು ಕರೆಯಲು ಕರಿಬಸಪ್ಪನವರಿಗೂ ಅಂಜಿಕೆ. ಇಬ್ಬರೂ ಇಪ್ಪತ್ತು ವರ್ಷಗಳ ಗೆಳೆಯರು.

ಮೃಗಶಿರಾ ಮಳೆಗೆ ಇನ್ನೂ ಎರಡು ವಾರಗಳಿದ್ದಾಗ ಇಮಾಮ್‌ಸಾಬರು ಬೀಗದ ಕೀಲೊಂದನ್ನು ಕೇಳಿಕೊಂಡು ಅಂಗಡಿಗೆ ಬಂದರು. ಗಲ್ಲೆಯ ಕೆಳಗೆ ಕಂಬಳಿಯ ಅಂಚಿನ ಚೂರು ಬಿದ್ದಿತ್ತು. ಅದನ್ನು ಎತ್ತಿ, ಬೆರಳಿನಿಂದ ತಿಕ್ಕಿ, ಮೂಸಿ ನೋಡಿ, ಇದೇನೆಂದು ಕೇಳಿದರು. ಕರಿಬಸಪ್ಪನವರು ಹೇಳಿದರು. ಇಮಾಮ್‌ಸಾಬರು ಚೂರನ್ನು ಅವರ ಮುಂದೆ ಹಿಡಿದರು.

“ಕರಿಬಸಪ್ಪ, ಇದು ತೊಳೆದ ಕಂಬಳಿ ಅಲ್ಲ. ಮಗ್ಗದಿಂದ ಇಳಿದದ್ದು. ಇದಕ್ಕ ಹುಣಚಿ ಬೀಜದ ಗಂಜಿ ಹಚ್ಚಿರ್ತಾರ. ಮಳಿಗಾಲದಾಗ ಇದು ಗಾಳಿಯೊಳಗಿನ ನೀರು ಕುಡೀತದ. ಕುಡಿದು ಕಬ್ಬಿಣದ ಮೈಗೆ ಅಂಟಿ ಕುಂದರ್ತದ. ಎಣ್ಣಿ ಹಚ್ಚಿದ್ದೇನು?”

ಹಚ್ಚಿರಲಿಲ್ಲ. ಎಣ್ಣೆ ಹಚ್ಚಿದರೆ ಕಂಬಳಿ ಕೆಡುತ್ತದೆಂದು ಇದ್ದ ಎಣ್ಣೆಯನ್ನೂ ಒರೆಸಿ ಇಟ್ಟಿದ್ದರು.

“ಮಳಿ ಬರೂದ್ರೊಳಗ ತೆಗೆಸು. ಹೆಂಗಾರ ಮಾಡು.” ಇಮಾಮ್‌ಸಾಬರು ಎದ್ದರು. “ನನ್ನ ಹೆಸರು ಮಾತ್ರ ಎಲ್ಲೂ ಹೇಳಬ್ಯಾಡ. ನಿನಗೂ ಚೊಲೊ ಅಲ್ಲ, ನನಗೂ ಚೊಲೊ ಅಲ್ಲ.”

ಕರಿಬಸಪ್ಪನವರು ಮರುದಿನವೇ ಲಿಂಗಸುಗೂರಿಗೆ ಹೋದರು. ಕಪಾಟಿಗೆ ಗಾಳಿಯಾಡಿಸಬೇಕು, ಎಣ್ಣೆ ಹಚ್ಚಬೇಕು, ಅಧಿಕಾರಿಗಳ ಎದುರಿನಲ್ಲಿಯೇ ತೆರೆದು ಮುಚ್ಚುತ್ತೇನೆ ಎಂದು ಅರ್ಜಿ ಕೊಟ್ಟರು. ಬಂದೂಕು ಕೆಡುತ್ತದೆಂದು ನಿಮಗೆ ಯಾರು ಹೇಳಿದರು ಎಂದು ಅಲ್ಲಿ ಕೇಳಿದರು. ಇಮಾಮ್‌ಸಾಬರ ಹೆಸರು ಬರಬಾರದೆಂದು ಕರಿಬಸಪ್ಪನವರು ಉತ್ತರ ಕೊಡಲಿಲ್ಲ. ಉತ್ತರ ಕೊಡದವನು ಮುದ್ರೆ ಒಡೆಯಲು ಹೇಳುತ್ತಾನೆಂದ ಮೇಲೆ ಯಾರು ನಂಬಬೇಕು? ಮುಂದಿನ ವಾರ ಮತ್ತೆ ಹೋದರು. ಆ ಅಧಿಕಾರಿಗಳಿಗೆ ವರ್ಗವಾಗಿತ್ತು. ಹೊಸಬರು ಕಾಗದ ನೋಡಿ ತಿಳಿಸುವೆವೆಂದರು. ಮಳೆ ಹಿಡಿಯಿತು.

ಅದರ ನಂತರ ಅವರು ಮಾಡಿದ ಉಪಾಯಗಳನ್ನು ನಾನು ದಿನವೂ ಕಾಣುತ್ತಿದ್ದೆ. ಮದ್ದಿನ ಡಬ್ಬಿಗಳನ್ನು ಮನೆಗೆ ಸಾಗಿಸಿ, ತೇವ ಹೀರಲೆಂದು ಕಪಾಟಿನ ಸುತ್ತ ಸುಣ್ಣದ ಕಲ್ಲು ತುಂಬಿದ ಮಡಕೆಗಳನ್ನಿಟ್ಟರು. ಪಾರ್ವತೆಮ್ಮನವರು ರೊಟ್ಟಿ ಸುಟ್ಟ ಒಲೆಯ ಕೆಂಡವನ್ನು ಕಬ್ಬಿಣದ ಬುಟ್ಟಿಯಲ್ಲಿ ತಂದು ಕಪಾಟಿನ ಬೆನ್ನಿಗೆ ಹತ್ತಿರವಾಗಿ ಇಡುತ್ತಿದ್ದರು. ಕಪಾಟಿನ ಮೈ ಬೆಚ್ಚಗಾದರೆ ಅಷ್ಟಕ್ಕೇ ಕರಿಬಸಪ್ಪನವರಿಗೊಂದು ಸಮಾಧಾನ. ಖಂಡೇನವಮಿಯ ದಿನ ಬಂದೂಕಿನವರೆಲ್ಲ ಪೂಜೆಗೆ ಬಂದರು. ಆಯುಧ ಕಾಣದಿದ್ದುದರಿಂದ ಕಪಾಟಿನ ಬಾಗಿಲಿಗೇ ವಿಭೂತಿ ಎಳೆದು, ಚೆಂಡುಹೂವಿನ ಸರ ಕಟ್ಟಿ, ಕಾಯಿ ಒಡೆದರು. ಕಾಯಿಯ ನೀರು ಕಪಾಟಿನ ಅಡಿಗೆ ಹರಿಯಿತು. ಕರಿಬಸಪ್ಪನವರು ಬಗ್ಗಿ ತಮ್ಮ ಪಂಚೆಯಿಂದಲೇ ಅದನ್ನು ಒರೆಸಿದರು. ಸಾವಕಾರ್ರು ಪೂಜಿ ನೀರೂ ಬಿಡಂಗಿಲ್ಲ ನೋಡ್ರಿ ಎಂದು ಯಾರೋ ಚೇಷ್ಟೆ ಮಾಡಿದರು. ಗದ್ದೆಪ್ಪ ಮಾತ್ರ ಬಾಗಿಲಿಗೆ ಹಣೆ ಹಚ್ಚಿ ನಮಸ್ಕರಿಸಿದ. ಆ ವರ್ಷ ಅವನು ತಮಟೆ ಬಡಿದು ಹೊಲ ಕಾಯ್ದಿದ್ದ. ಹಂದಿಗಳು ನಾಲ್ಕು ದಿನ ಹೆದರಿ, ಐದನೆಯ ದಿನ ಇಳಿದಿದ್ದವು. ಕಾಳು ಅರ್ಧಕ್ಕಿಳಿದಿತ್ತು.

ತಮ್ಮ ತಪ್ಪನ್ನು ಕರಿಬಸಪ್ಪನವರು ಊರಿನವರಿಗೆ ಹೇಳಲಿಲ್ಲ. ಹೇಳಬೇಕೆಂದು ನಾನು ಒಮ್ಮೆ ಅಂದೆ. ಹೇಳಿದರೆ ಅವರು ತಾವೇ ಮುದ್ರೆ ಒಡೆಯುತ್ತಾರೆ, ಜೈಲಿಗೆ ಹೋಗುತ್ತಾರೆ ಎಂದರು. ಅದೂ ನಿಜವೇ.

ಮೂರು ಮಳೆಗಾಲಗಳು ಹೀಗೆಯೇ ಕಳೆದವು. ೧೯೫೧ರ ದೀಪಾವಳಿಯ ನಂತರ ಹುಕುಂ ಬಂತು. ಬಂದೂಕುಗಳನ್ನು ಪರೀಕ್ಷಿಸಿ, ಯೋಗ್ಯವಾದವನ್ನು ಮಾಲೀಕರಿಗೆ ಕೊಡತಕ್ಕದ್ದು; ಹೊಡೆದರೆ ಅಪಾಯವಾಗುವಂಥವನ್ನು ಅಲ್ಲಿಯೇ ಮುರಿಯತಕ್ಕದ್ದು. ಆ ದಿನ ಹೊಸ ರುಮಾಲು ಸುತ್ತಿಕೊಂಡು ಜನ ಬಂದಿದ್ದರು. ಅಧಿಕಾರಿಗಳು ಮುದ್ರೆ ಒಡೆದರು. ಬಾಗಿಲು ಬರಲಿಲ್ಲ. ಇಬ್ಬರು ಜಗ್ಗಿದರು. ತೆರೆದಾಗ ಹಸಿ ಉಣ್ಣೆಯ ಕಮಟು ವಾಸನೆ ಬೀದಿಯ ತನಕ ಬಂತು.

ಬಾಗಿಲ ಹತ್ತಿರದ ಏಳು ಬಂದೂಕುಗಳು ಚೆನ್ನಾಗಿದ್ದವು. ಕಂಬಳಿ ಸಾಲದೆ ಬರಿಮೈಯಲ್ಲಿ ಉಳಿದವು ಅವು. ಅವುಗಳ ಹಿಂದಿನಿಂದ ತೆಗೆದದ್ದೆಲ್ಲ ತುಕ್ಕು ಹಿಡಿದು ಕೆಂಪಗೆ ಬಂತು. ಕಂಬಳಿಯ ಪಟ್ಟಿಯನ್ನು ಎಳೆದರೆ ಕಬ್ಬಿಣದ ಹಕ್ಕಳೆ ಅದರ ಸಂಗಡ ಬರುತ್ತಿತ್ತು. ಅಧಿಕಾರಿಗಳು ಬಂದೂಕು ಬಲ್ಲವರು ಊರಲ್ಲಿ ಯಾರಿದ್ದಾರೆಂದು ಕೇಳಿದರು. ಜನ ಒಂದೇ ಬಾಯಿಯಿಂದ ಇಮಾಮ್‌ಸಾಬ್ ಎಂದರು. ಆಗ ಯಾರಿಗೂ ಅಂಜಿಕೆ ನೆನಪಾಗಲಿಲ್ಲ.

ಇಮಾಮ್‌ಸಾಬರು ಬಂದು ಒಂದೊಂದೇ ನಳಿಗೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ಉಗುರಿನಿಂದ ಗೀರಿದರು. ಆಗದು ಎಂದು ತಲೆಯಾಡಿಸುತ್ತ ಪಕ್ಕಕ್ಕಿಡುತ್ತಿದ್ದರು. ಕೆಟ್ಟವುಗಳಲ್ಲಿ ಇಪ್ಪತ್ತನೆಯದಾಗಿ, ಕೊನೆಗೆ, ಹಿಂದಿನ ಮೂಲೆಯಿಂದ ಗದ್ದೆಪ್ಪನ ನಳಿಗೆ ಬಂತು. ಮೂರು ಸುತ್ತು ಕಂಬಳಿ ಕಲ್ಲಿನಂತೆ ಗಟ್ಟಿಯಾಗಿತ್ತು. ಚೂರಿಯಿಂದ ಕೊಯ್ದು ತೆಗೆದರು. ನಳಿಗೆಯ ನಡುವೆ ಕಾಳಿನಷ್ಟು ತೂತು ಬಿದ್ದು ಆಚೆಯ ಬೆಳಕು ಕಾಣುತ್ತಿತ್ತು.

“ಇಮಾಮಣ್ಣ, ಎಣ್ಣಿ ಹಚ್ಚಿದ್ರ ಆಗಂಗಿಲ್ಲೇನು?” ಎಂದ ಗದ್ದೆಪ್ಪ.

“ಇಲ್ಲಪ್ಪ. ಹೊಡದ್ರ ಹೊಡದವನ ಕೈ ಹೋಗ್ತದ.”

ಕರಿಬಸಪ್ಪನವರು ಇಮಾಮ್‌ಸಾಬರ ಮುಖವನ್ನೇ ನೋಡುತ್ತ ನಿಂತಿದ್ದರು. ನಾನು ಮೊದಲೇ ಹೇಳಿದ್ದೆ ಎಂಬ ಒಂದು ಮಾತು ಅಲ್ಲಿ ಬರಬಹುದಾಗಿತ್ತು. ಇಮಾಮ್‌ಸಾಬರು ಅದನ್ನು ಆಡಲಿಲ್ಲ. ಕರಿಬಸಪ್ಪನವರೇ ಮುಂದೆ ಬಂದು, ಕಂಬಳಿ ಇಟ್ಟದ್ದು ನನ್ನ ತಪ್ಪು, ಗೊತ್ತಾದ ಮೇಲೆ ಎರಡೂವರೆ ವರ್ಷ ಮುಚ್ಚಿಟ್ಟದ್ದು ಇನ್ನೊಂದು ತಪ್ಪು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಮುರಿಯುವ ಕೆಲಸ ಶುರುವಾಯಿತು. ಕಮ್ಮಾರನ ಅಡಿಗಲ್ಲಿನ ಮೇಲೆ ಇಟ್ಟು ಸುತ್ತಿಗೆ ಹೊಡೆದರು. ಆ ಹೊತ್ತಿಗೇ ಆಚೆಯ ಹಳ್ಳಿಗಳ ಇಬ್ಬರು, ರಾಯಚೂರಿನಿಂದ ಮರಳಿ ಬಂದ ತಮ್ಮ ಬಂದೂಕುಗಳನ್ನು ಹೆಗಲಿಗೇರಿಸಿಕೊಂಡು ಪೇಟೆಯಲ್ಲಿ ಹೋಗುತ್ತಿದ್ದರು. ಲಾರಿಯಲ್ಲಿ ಹೋದವಕ್ಕೆ ಅಲ್ಲಿ ವರ್ಷಕ್ಕೆರಡು ಸಲ ಎಣ್ಣೆ ಹಚ್ಚಿದ್ದರಂತೆ. ನಳಿಗೆಗಳು ಮಿರಿಮಿರಿ ಮಿಂಚುತ್ತಿದ್ದವು.

ಗದ್ದೆಪ್ಪ ಅವರನ್ನು ಕಣ್ಣಿಗೆ ಕಾಣುವ ತನಕ ನೋಡಿದ. ಬಯ್ಯಲಿಲ್ಲ. “ಸಾವಕಾರ್ರೀ, ಜಾಗ ಇಲ್ಲ ಅಂತ ಅವತ್ತ ಅಂದಬಿಟ್ಟಿದ್ರ ಚೊಲೊ ಇತ್ತು ನೋಡ್ರಿ,” ಎಂದಷ್ಟೇ ಹೇಳಿ ಮರದ ಹಿಡಿಯನ್ನು ಎತ್ತಿಕೊಂಡು ಹೋದ.

ಆ ವರ್ಷವೇ ಅವನು ಹೆಂಡತಿಯೊಡನೆ ಸಿಂಧನೂರಿನ ಕಡೆಗೆ ಕಾಲುವೆ ತೋಡುವ ಕೆಲಸಕ್ಕೆ ಹೋದ. ಉಳಿದವರಿಗೆ ಹೊಲವಿತ್ತು, ಅವರು ಎರಡು ವರ್ಷ ಮುಖ ತಿರುಗಿಸಿ, ಮತ್ತೆ ಮೊಳೆ ಸರಪಳಿಗಳಿಗೆ ಅದೇ ಅಂಗಡಿಗೆ ಬಂದರು. ಕರಿಬಸಪ್ಪನವರು ಮದ್ದು ಮಾರುವ ಪರವಾನಗಿಯನ್ನು ತಾವಾಗಿಯೇ ಹಿಂದಿರುಗಿಸಿದರು. ಗದ್ದೆಪ್ಪನಿಗೆ ಒಂದು ಹೊಸ ಬಂದೂಕು ಕೊಡಿಸಬೇಕು, ಅವನು ಗುಡ್ಡದಡಿಗೆ ಮರಳಬೇಕು: ಇದೊಂದನ್ನೇ ಅವರು ಹಿಡಿದರು. ಅರ್ಜಿಗಳನ್ನು ನನ್ನಿಂದ ಬರೆಸುತ್ತಿದ್ದರು. ಅರ್ಜಿದಾರನು ಹೊಲ ಕಾಯುವವನೆಂದು ಊರಿನ ದಾಖಲೆ ಬೇಕೆಂದು ಉತ್ತರ ಬರುತ್ತಿತ್ತು. ಊರಿನ ಚಾವಡಿಯಲ್ಲಿ ದಾಖಲೆ ಕೇಳಿದರೆ ಅವನು ಊರಲ್ಲಿಯೇ ಇಲ್ಲವಲ್ಲ ಎನ್ನುತ್ತಿದ್ದರು. ಬಂದೂಕಿಲ್ಲದೆ ಅವನು ಊರಿಗೆ ಬಂದು ಮಾಡುವುದೇನು? ಹೀಗೆ ನಾಲ್ಕು ವರ್ಷ. ಪ್ರತಿ ಅರ್ಜಿಗೂ ಹೆಬ್ಬೆಟ್ಟು ಹಾಕಿಸಲು ಅವರೇ ಸಿಂಧನೂರಿಗೆ ಹೋಗಿ ಬರುತ್ತಿದ್ದರು.

೧೯೫೬ರ ಬೇಸಿಗೆಯಲ್ಲಿ ಕಡೆಯ ಸಲ ಹೋದಾಗ ರಜೆಯಿದ್ದುದರಿಂದ ನಾನೂ ಜೊತೆಗಿದ್ದೆ. ಕಾಲುವೆಯ ಏರಿಯ ಮೇಲೆ ಗುಡಿಸಲುಗಳ ಸಾಲು. ಗದ್ದೆಪ್ಪ ಬಹಳ ಇಳಿದುಹೋಗಿದ್ದ. ಮಣ್ಣಿನ ಬುಟ್ಟಿ ಇಳಿಸಿ ಬಂದು, ನಮ್ಮನ್ನು ನೆರಳಿಗೆ ಕೂರಿಸಿ, ನೀರು ಕೊಟ್ಟ. ಜಂಬಮ್ಮ ದೂರದಿಂದಲೇ ನಮ್ಮನ್ನು ಕಂಡು ಬುಟ್ಟಿ ಅಲ್ಲಿಯೇ ಬಿಟ್ಟು ಓಡಿಬಂದಳು. ಹುಕುಂ ಆತೇನ್ರಿ ಎಂದಳು. ಇನ್ನೂ ಒಂದು ಕಾಗದ ಬಾಕಿ ಇದೆ ಎಂದು ಕರಿಬಸಪ್ಪನವರು ಹೇಳಿದರು. ಅವಳು ತಿರುಗಿ ಬುಟ್ಟಿಯ ಕಡೆಗೆ ಹೋದಳು.

ಗದ್ದೆಪ್ಪ ಹೆಬ್ಬೆಟ್ಟು ಹಾಕಲಿಲ್ಲ. ಕಾಗದವನ್ನು ಮಡಚಿ ಕರಿಬಸಪ್ಪನವರ ಕೈಗೆ ಕೊಟ್ಟ.

“ಸಾವಕಾರ್ರೀ, ನಿಮ್ಮ ಮ್ಯಾಲೆ ನನಗೇನೂ ಸಿಟ್ಟಿಲ್ಲ. ಆದ್ರ ಇನ್ನ ಬರಬ್ಯಾಡ್ರಿ. ನೀವು ಬಂದು ಹ್ವಾದಾಗೊಮ್ಮೆ ಆಕಿ ತಿಂಗಳ ತನ ಗಂಟು ಕಟ್ಟತಾಳ. ಊರಿಗಿ ಹೋಗೂದೈತಿ ಅಂತ ಮಂದಿಗೆಲ್ಲ ಹೇಳ್ಕೋತ ಅಡ್ಯಾಡತಾಳ. ಆಮ್ಯಾಲ ಆ ಗಂಟು ನಾನೇ ಬಿಚ್ಚಬೇಕು. ನನಗ ಸಾಕಾಗೈತಿ.”

ಕರಿಬಸಪ್ಪನವರು ಕಾಗದವನ್ನು ಕಿಸೆಗೆ ಹಾಕಿಕೊಂಡರು. ಮಧ್ಯಾಹ್ನದ ಬಸ್ಸಿಗೆ ನಾವು ಮಸ್ಕಿಗೆ ಮರಳಿದೆವು. ಅವರು ಮತ್ತೆ ನನ್ನಿಂದ ಅರ್ಜಿ ಬರೆಸಲಿಲ್ಲ, ಸಿಂಧನೂರಿಗೂ ಹೋಗಲಿಲ್ಲ.