ಅವ್ವನ ಟ್ರಂಕು ಖಾಲಿ ಮಾಡಿದೆ

ಗೆಳತಿಯರೇ, ಇವತ್ತು ನನ್ನನ್ನು ಬೈಯುವವರು ಬೈದುಬಿಡಿ.

ಹೆರಿಗೆಗೆಂದು ಸಿಂದಗಿಯ ತವರಿಗೆ ಬಂದಿದ್ದೇನೆ. ಬೆಳಿಗ್ಗೆ ಅವ್ವ ಪೇಟೆಗೆ ಹೋದಳು. ತೊಟ್ಟಿಲಿಗೆ ಜಾಗ ಮಾಡೋಣವೆಂದು ಮೂಲೆಯ ಟ್ರಂಕು ತೆರೆದೆ. ತುಂಬ ಹಳೆಯ ಇಳಕಲ್ ಸೀರೆಗಳು, ಬಣ್ಣ ಮಾಸಿ ಮೆತ್ತಗಾಗಿದ್ದವು. ಯಾರು ಉಡುತ್ತಾರೆ ಇವನ್ನು?

ಅದೇ ಹೊತ್ತಿಗೆ ಓಣಿಯಲ್ಲಿ ಹಳೆ ಬಟ್ಟೆಗೆ ಪಾತ್ರೆ ಕೊಡುವವಳ ಕೂಗು ಕೇಳಿತು: "ಹಳೇ ಅರಿವಿಗೆ ಸ್ಟೀಲ ಬಾಂಡೇ!" ಎಲ್ಲ ಸೀರೆ ಕೊಟ್ಟು, ಜಗ್ಗಾಡಿ ಒಂದು ದೊಡ್ಡ ಬಕೆಟ್ ಪಡೆದೆ.

ಅವ್ವ ಬಂದೊಡನೆ ಹೆಮ್ಮೆಯಿಂದ ತೋರಿಸಿದೆ. "ನೋಡವ್ವಾ, ಮನಿ ಎಷ್ಟ ಹಗುರಾತು!"

"ಟ್ರಂಕಿನ್ಯಾಗಿನ ಸೀರಿ ಎಲ್ಲಿ?"

ಹೇಳಿದೆ. ಅವ್ವ ಹೊಸ್ತಿಲ ಮೇಲೆಯೇ ಕುಳಿತಳು. "ಅವು ನಮ್ಮವ್ವ ಉಟ್ಟ ಸೀರಿ. ನಿನ್ನ ಕೂಸಿಗೆ ಹೊಚ್ಚಾಕ ಕೌದಿ ಹೊಲೀಬೇಕಂತ ಇಟ್ಟಿದ್ದೆ. ಈಗ ದಾರ ತರಾಕನ ಪ್ಯಾಟಿಗೆ ಹೋಗಿದ್ದೆ."

ಚೀಲದಲ್ಲಿ ಕೆಂಪು, ಹಸಿರು ದಾರದ ಉಂಡೆಗಳಿದ್ದವು.

ಏದುಸಿರು ಬಿಡುತ್ತ ಬಸ್ ನಿಲ್ದಾಣದವರೆಗೂ ಹೋಗಿ ಹುಡುಕಿದೆ. ಬಾಂಡೆ ಮಾರುವವಳು ಇಂಡಿ ಬಸ್ ಹತ್ತಿ ಹೋಗಿದ್ದಳಂತೆ.

ತಿರುಗಿ ಬಂದಾಗ ಅವ್ವ ಬಕೆಟ್ಟನ್ನು ಬಡಿದು ನೋಡುತ್ತಿದ್ದಳು. ಬೈಯಲಿಲ್ಲ.

"ಬಕೀಟ ಗಟ್ಟಿ ಐತಿ ಬಿಡು," ಎಂದಳು. "ಕೂಸಿಗೆ ಇದನ್ನ ಹೊಚ್ಚು."