ಗುಂತಕಲ್ಲಿನಲ್ಲಿ ಇಳಿಯದ ಆಯಿ

ಆಯಿಯ ಎಡಗಿವಿಯ ಹಾಲೆ ಕೆಳತನಕ ಸೀಳಿಹೋಗಿತ್ತು. ಸೀಳಿದ ಎರಡು ತುಂಡುಗಳೂ ಒಣಗಿ, ತಲೆ ಅಲ್ಲಾಡಿಸಿದಾಗ ಬೇರೆ ಬೇರೆಯಾಗಿ ಅಲುಗುತ್ತಿದ್ದವು. ಬೆಂಡೋಲೆ ಹಾಕುತ್ತಿದ್ದ ಕಾಲದಲ್ಲಿ, ಹಾಲು ಕುಡಿಯುತ್ತಿದ್ದ ಮಗಳು ಅದನ್ನು ಹಿಡಿದು ಜಗ್ಗಿದ್ದಳಂತೆ. ರಕ್ತ ಸುರಿದರೂ ಕೂಸನ್ನು ಎದೆಯಿಂದ ಬಿಡಿಸಲಿಲ್ಲವಂತೆ. ಆ ಮಗಳು ನನ್ನ ಗಂಡನ ಮೊದಲ ಹೆಂಡತಿ. ಎರಡನೇ ಹೆರಿಗೆಯ ನಂತರ ತೀರಿಕೊಂಡಳು. ಒಂದು ವರ್ಷದ ಮೇಲೆ ಆ ಮನೆಗೆ ಬಂದವಳು ನಾನು.

ಎಪ್ಪತ್ತರ ದಶಕದ ಮಾತು. ಮದುವೆಯಾಗಿ ಆರು ತಿಂಗಳೂ ಕಳೆದಿರಲಿಲ್ಲ, ಗದಗಿನ ವಿಮಾ ಕಚೇರಿಯಲ್ಲಿದ್ದ ನನ್ನವರಿಗೆ ಮದರಾಸಿಗೆ ವರ್ಗವಾಯಿತು. ನಮ್ಮ ಕಡೆಯವರಿಗೆ ಮದರಾಸೆಂದರೆ ಪರದೇಶವೇ. ತೀರಿಕೊಂಡವಳ ಮಕ್ಕಳಲ್ಲಿ ದೊಡ್ಡವಳಿಗೆ ನಾಲ್ಕು ವರ್ಷ, ಚಿಕ್ಕವನಿಗೆ ಎರಡು ತುಂಬಿರಲಿಲ್ಲ. ದೊಡ್ಡವಳು ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ಏನಾದರೂ ಬೇಕಾದರೆ ನನ್ನ ಎದುರು ಬಂದು ಸುಮ್ಮನೆ ನಿಲ್ಲುತ್ತಿದ್ದಳು.

ನಮ್ಮನ್ನು ಕಳಿಸಲು ಆಯಿ ತಮ್ಮ ಮಗನ ಜೊತೆ ಗದಗ ಸ್ಟೇಷನ್ನಿಗೆ ಬಂದಿದ್ದರು. ಚಿಕ್ಕವನು ಅವರ ಕುತ್ತಿಗೆ ಬಿಡಲೊಲ್ಲ. ಗಾರ್ಡು ಸೀಟಿ ಊದಿದ. "ಗುಂತಕಲ್ ತನಕ ಬರತೀನಿ, ಅಲ್ಲಿಂದ ಹೊಳ್ಳಿ ಬರತೀನಿ" ಎಂದು ಮಗನಿಗೆ ಕೂಗಿ ಹೇಳಿ ಆಯಿ ಡಬ್ಬಿ ಹತ್ತಿಯೇ ಬಿಟ್ಟರು. ಗುಂತಕಲ್ಲಿನಲ್ಲಿ ರೈಲು ನಿಂತಾಗ ಹುಡುಗ ಅವರ ಹೆಗಲ ಮೇಲೆ ನಿದ್ದೆ ಹೋಗಿದ್ದ. ಆಯಿ ಒಮ್ಮೆ ಅವನನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಇಳಿಯಲಿಲ್ಲ. ನನ್ನವರು ಇಳಿದುಹೋಗಿ ಅವರಿಗೂ ಟಿಕೀಟು ತಂದರು. ಉಟ್ಟ ಸೀರೆಯಲ್ಲೇ ಆಯಿ ಮದರಾಸು ಮುಟ್ಟಿದರು.

ಮನೆ ಸಿಕ್ಕಿದ್ದು ಕ್ರೋಂಪೇಟೆಯಲ್ಲಿ, ಮಹಡಿಯ ಮೇಲೆ. ಕೆಳಗೆ ಮನೆಯೊಡತಿ. ಗಾಳಿ ತಿರುಗಿದರೆ ತೊಗಲು ಹದಮಾಡುವ ಕಾರ್ಖಾನೆಗಳ ವಾಸನೆ ಒಳಗೇ ಬಂದು ಕೂರುತ್ತಿತ್ತು. ಬಾವಿಯ ನೀರು ಸವಳು, ಬೇಳೆ ಬೇಯುತ್ತಿರಲಿಲ್ಲ. ನನ್ನವರು ಬೆಳಿಗ್ಗೆ ಎಲೆಕ್ಟ್ರಿಕ್ ಟ್ರೇನು ಹಿಡಿದರೆ ದೀಪ ಹಚ್ಚಿದ ಮೇಲೆಯೇ ಬರುವುದು. ಸೆಕೆಗೆ ಮಕ್ಕಳ ಮೈತುಂಬ ಬೆವರುಸಾಲೆ. ಆ ದಿನಗಳನ್ನು ನೆನೆದರೆ ಮೊದಲು ನೆನಪಾಗುವುದು ದಣಿವು. ಎದ್ದಾಗಲೇ ದಣಿದಿರುತ್ತಿದ್ದೆ. ಒಮ್ಮೆ ಒಲೆಯ ಮುಂದೆ ಹಾಗೇ ಕುಸಿದು ಕೂತಿದ್ದಾಗ ಆಯಿ ಹೇಳಿದರು: "ಇವತ್ತಿನ ಕೆಲಸದಿಂದ ಯಾರೂ ದಣಿಯೂದಿಲ್ಲ ತಂಗಿ. ನಾಳಿಂದು ನೆನಿಸಿ ದಣೀತಾರ. ನಾಳಿಂದು ನಾಳಿಗೆ ಬಿಡು, ಈಗ ಹಿಟ್ಟು ನಾದು."

ಹಿಟ್ಟಿನದೇ ಒಂದು ಕಥೆ. ಜೋಳದ ರೊಟ್ಟಿಯಿಲ್ಲದೆ ಆಯಿಗೆ ಊಟವೆಂಬುದೇ ಇಲ್ಲ. ಅಂಗಡಿಯಲ್ಲಿ ಕೇಳಿದರೆ ಅಕ್ಕಿ ತೋರಿಸುತ್ತಿದ್ದರು. ಕೊನೆಗೆ ಪಲ್ಲಾವರಂ ವಾರದ ಸಂತೆಯಲ್ಲಿ, ಪಾರಿವಾಳ ಮಾರುವವನ ಪಕ್ಕದಲ್ಲಿ, ಹಕ್ಕಿಗೆ ಹಾಕುವ ಕಾಳಿನ ಗುಡ್ಡೆಯಲ್ಲಿ ಜೋಳ ಕಂಡಿತು. ಆಯಿ ಒಂದು ಹಿಡಿ ಮುಖದ ಹತ್ತಿರ ಹಿಡಿದು ಮೂಸಿ, "ಈ ಊರಾಗ ಮಂದಿಗಿಂತ ಹಕ್ಕಿ ಚಲೋ ಉಣ್ತಾವು" ಎಂದರು. ತಮಿಳು ಅವರು ಕಲಿಯಲೇ ಇಲ್ಲ. ಹಾಲಿನವನಾಗಲಿ ಮನೆಯೊಡತಿಯಾಗಲಿ, ಎಲ್ಲರೊಡನೆಯೂ ಗದಗಿನ ಕನ್ನಡವನ್ನೇ ತುಸು ಗಟ್ಟಿಯಾಗಿ ಆಡುತ್ತಿದ್ದರು. "ಪಾಟಿ ಎನ್ನ ಸೊಲ್ರಾಂಗ?" ಅಜ್ಜಿ ಏನನ್ನುತ್ತಾರೆ ಎಂದು ಮನೆಯೊಡತಿ ನನ್ನನ್ನು ಕೇಳುತ್ತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರಿಬ್ಬರ ನಡುವೆ ಕೆಲಸ ಮುಗಿದಿರುತ್ತಿತ್ತು.

ಮನೆಗೆಲಸವೆಲ್ಲ ಮಾಡುತ್ತಿದ್ದ ಆಯಿ ಒಂದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಮಕ್ಕಳಿಗೆ ನೀರು ಕಾಸಿ ಬಚ್ಚಲಿಗೆ ತಂದಿಟ್ಟು ಹೊರಗೆ ಹೋಗಿಬಿಡುವರು. "ಎರಿಯೂದು ನಿನ್ನ ಕೆಲಸ." ಮಕ್ಕಳು ನನಗೆ ಹೊಂದಿಕೊಳ್ಳಲಿ ಎಂದು ಹೀಗೆ ಮಾಡುತ್ತಾರೆಂದೇ ತಿಳಿದಿದ್ದೆ.

ಮರುವರ್ಷ ನಾನು ಬಸಿರಾದೆ. ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದಳು. ಒಂದು ಮಧ್ಯಾಹ್ನ ಆಯಿ ರೊಟ್ಟಿ ಬಡಿಯುತ್ತಿದ್ದಾಗ, "ನನ್ನ ಬಾಣಂತನ ನೀವೇ ಮಾಡಬೇಕು ಆಯಿ" ಎಂದೆ. ಬಡಿಯುವ ಸದ್ದು ನಿಂತಿತು.

"ಬ್ಯಾಡ ತಂಗಿ. ನನ್ನ ಕೈ ಚಲೋ ಅಲ್ಲ."

"ಯಾಕೆ ಹಾಗಂತೀರಿ?"

"ಅಕೀ ಹಡದದ್ದು ನನ್ನ ಮನ್ಯಾಗ. ಒಂಬತ್ತನೇ ದಿನಕ್ಕ ಜ್ವರ ಬಂತು. ಬೆವತ್ರ ಇಳೀತೈತಿ ಅಂತ ನಾನ ಕಂಬಳಿ ಹೊಚ್ಚಿದೆ. ನಾನ ಬಿಸಿನೀರು ಎರದೆ. ಡಾಕ್ಟರ್ ಕಡೆ ಒಯ್ಯೂದ್ರಾಗ ತಡಾ ಆಗಿತ್ತು." ತವೆಯ ಮೇಲಿನ ರೊಟ್ಟಿ ಸೀದುಹೋಯಿತು. "ಅವತ್ತಿಂದ ಯಾವ ಕೂಸಿಗೂ ನಾ ನೀರು ಹಾಕಿಲ್ಲ."

ನಾನು ಸೀದ ರೊಟ್ಟಿಯನ್ನು ತವೆಯಿಂದ ತೆಗೆದೆ. ಕೆಲವೇ ದಿನಗಳಲ್ಲಿ ಅವರ ಮಗ ಬಂದ. ಆಯಿ ತಾವೇ ನನ್ನವರಿಗೆ ಹೇಳಿ ಅವನನ್ನು ಕರೆಸಿಕೊಂಡಿದ್ದರು. ಗದಗಿಗೆ ಹೊರಡುವಾಗ ಚಿಕ್ಕವನನ್ನು ನನ್ನ ಕಂಕುಳಿಗೆ ಕೊಟ್ಟು, ದೊಡ್ಡವಳ ತಲೆ ಸವರಿ, ಹಿಂದೆ ನೋಡದೆ ಮೆಟ್ಟಿಲಿಳಿದರು.

ಆಮೇಲಿನ ತಿಂಗಳುಗಳು ಹೇಗೆ ಕಳೆದವೋ. ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಒಂದೊಂದು ಕೊಡ ನೀರಿಗೂ ಕೆಳಗಿಳಿದು ಹತ್ತಬೇಕು. ದೊಡ್ಡವಳು ಸಂಜೆಯಾದರೆ ಮೆಟ್ಟಿಲ ಮೇಲೆ ಬೀದಿ ನೋಡುತ್ತ ಕೂರುವಳು. ಕೆಳಗಿನ ಮನೆಯ ಮಕ್ಕಳ ಜೊತೆ ಅವಳಿಗಾಗಲೇ ತಮಿಳು ಬರುತ್ತಿತ್ತು. ನನ್ನ ಜೊತೆ ಯಾವ ಭಾಷೆಯೂ ಇರಲಿಲ್ಲ.

ದಿನ ತುಂಬುತ್ತಿದ್ದ ಹೊತ್ತು. ಬಿರುಬಿಸಿಲಿನ ಮಧ್ಯಾಹ್ನ ಬೀದಿಯಿಂದ ಜಗಳ ಕೇಳಿಸಿತು. ರಿಕ್ಷಾದವನ ತಮಿಳು ಒಂದು ಕಡೆ, ಗದಗಿನ ಕನ್ನಡ ಇನ್ನೊಂದು ಕಡೆ. ದೊಡ್ಡವಳು ಕಿರುಚುತ್ತ ಮೆಟ್ಟಿಲು ಹಾರಿದಳು. ಆಯಿ ಬಾಣಂತಿಯ ಉಂಡಿಗೆಂದು ಕೊಬ್ಬರಿ, ಅಂಟು, ಅಳವಿ, ಜೊತೆಗೆ ಜೋಳದ ಹಿಟ್ಟಿನ ಗಂಟು ಹೊತ್ತು ಏದುಸಿರು ಬಿಡುತ್ತ ಮೇಲೆ ಬಂದರು. ನಾನು ಕೇಳುವ ಮೊದಲೇ ಹೇಳಿದರು:

"ಅಲ್ಲಿ ಕುಂತ್ರೂ ಅಂಜಿಕಿ, ಇಲ್ಲಿ ಕುಂತ್ರೂ ಅಂಜಿಕಿ. ಇಲ್ಲಾದ್ರ ಕೈಗೆ ಕೆಲಸಾರ ಇರತೈತಿ."

ಹೆಣ್ಣು ಹುಟ್ಟಿತು. ಆಸ್ಪತ್ರೆಯಿಂದ ಬಂದ ಮೊದಲ ದಿನ ಆಯಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಪ್ರತಿ ತಂಬಿಗೆ ನೀರನ್ನೂ ಮೊದಲು ತಮ್ಮ ಕೈ ಮೇಲೆ ಸುರಿದುಕೊಂಡು ನೋಡಿ ಆಮೇಲೆ ಎರೆದರು. ನನಗೆ ಎಣ್ಣೆ ಹಚ್ಚಿ ಎರೆಯುವಾಗಲೂ ಹಾಗೇ ಮಾಡಿದರು.

ಒಂಬತ್ತನೇ ದಿನ ಅವರು ಅಡುಗೆಮನೆಗೆ ಹೋಗಲೇ ಇಲ್ಲ. ನನ್ನ ಮಂಚದ ಪಕ್ಕ ನೆಲದ ಮೇಲೆ ಕೂತು, ಗಳಿಗೆಗೊಮ್ಮೆ ಎದ್ದು ಬೆರಳ ಹಿಂಬದಿಯಿಂದ ನನ್ನ ಹಣೆ ಮುಟ್ಟಿ, "ತಣ್ಣಗೈತಿ" ಎಂದು ಮತ್ತೆ ಕೂರುತ್ತಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಮುಟ್ಟಿದವರು ಏನೂ ಅನ್ನಲಿಲ್ಲ. ಇನ್ನೊಮ್ಮೆ ಮುಟ್ಟಿದರು. ಆಮೇಲೆ ಸೆರಗು ಜಾರಿದ್ದೂ ತಿಳಿಯದೆ ಕೆಳಗೆ ಓಡಿದರು. "ಡಾಕ್ಟ್ರ! ಡಾಕ್ಟ್ರನ ಕರೀರಿ!" ಅವರ ದನಿ ಇಡೀ ಬೀದಿಗೆ ಕೇಳಿಸಿತು. ಮನೆಯೊಡತಿ ಬರಿಗಾಲಲ್ಲೇ ಹೋಗಿ ಪಕ್ಕದ ಬೀದಿಯ ಡಾಕ್ಟರನ್ನು ಎಳೆದುಕೊಂಡು ಬಂದಳು.

ಡಾಕ್ಟರು ನಾಡಿ ಹಿಡಿದರು, ಥರ್ಮಾಮೀಟರ್ ನೋಡಿದರು, ನಕ್ಕರು. "ಜುರಮುಂ ಇಲ್ಲೆ, ಒಣ್ಣುಂ ಇಲ್ಲೆ. ವೆಯ್ಯಿಲ್, ಅವ್ವಳವುದಾನ್."

ಜ್ವರ ಗಿರ ಏನೂ ಇಲ್ಲ, ಬಿಸಿಲು, ಅಷ್ಟೇ. ನಾನು ಕನ್ನಡದಲ್ಲಿ ಹೇಳಿದೆ. ಆಯಿ ನಂಬಲಿಲ್ಲ. ಡಾಕ್ಟರ ಮುಖವನ್ನೇ ನೋಡುತ್ತ, "ಖರೇನಽ?" ಎಂದರು. ಅವರು ತಲೆಯಾಡಿಸಿದರು. ಆಯಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಬಾಯಿಬಿಟ್ಟು ಅತ್ತರು. ಮಗಳ ಹೆಸರು ಹಿಡಿದು ಕರೆದು ಕರೆದು ಅತ್ತರು. ಮಗಳು ಸತ್ತಾಗ ಅವರು ಅತ್ತಿರಲಿಲ್ಲವೆಂದು ನನ್ನವರು ನನಗೆ ಹೇಳಿದ್ದರು. ದೊಡ್ಡವಳು ಹೋಗಿ ಆಯಿಯ ತೊಡೆಯ ಮೇಲೆ ತಲೆಯಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಬಂದು, ನನ್ನ ಮಂಚದ ಅಂಚಿನಲ್ಲಿ ನಿಂತು, "ಅವ್ವಾ, ಆಯಿಗೆ ನೀರು ಕೊಡ್ಲೇನು?" ಎಂದು ಕೇಳಿದಳು.

"ಕೊಡು" ಎಂದೆ.

ಮರುದಿನದಿಂದ ಮೂರು ಮಕ್ಕಳಿಗೂ ಆಯಿಯೇ ಎರೆದರು. ಗದಗಿಗೆ ಹೋಗುವ ಮಾತು ಮತ್ತೆ ಬರಲಿಲ್ಲ. ಮಕ್ಕಳು ಶಾಲೆ ಸೇರಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವಂತಾದರು. ಆಯಿ ತಮ್ಮ ಮಾತನ್ನೇ ಆಡುತ್ತಿದ್ದರು, ಮಕ್ಕಳು ತಮ್ಮದನ್ನೇ. ಯಾರಿಗೂ ಯಾವ ಮಾತೂ ತಿಳಿಯದೆ ಹೋಗಲಿಲ್ಲ.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಆಯಿ ಹೋದರು. ಬಾವಿಗಳೆಲ್ಲ ಒಣಗಿ ನೀರಿನ ಲಾರಿಗಾಗಿ ಹೆಂಗಸರು ಬೀದಿಯಲ್ಲಿ ಹೊಡೆದಾಡುತ್ತಿದ್ದ ವರ್ಷ. ಬೆಳಗಿನ ಜೋಳದ ಅಂಬಲಿ ಕುಡಿದು ಗೋಡೆಗೊರಗಿದವರು ಏಳಲಿಲ್ಲ. ಕಡೆಯ ಸ್ನಾನ ಮಾಡಿಸಬೇಕು, ಮನೆಯಲ್ಲಿದ್ದದ್ದು ಅರ್ಧ ಬಕೆಟ್ಟು ನೀರು. ನಾನು ಯಾರನ್ನೂ ಕೇಳಲಿಲ್ಲ, ಕೇಳುವ ತ್ರಾಣವೂ ಇರಲಿಲ್ಲ. ಮನೆಯೊಡತಿ ಮೊದಲು ಒಂದು ಕೊಡ ತಂದಿಟ್ಟಳು. ಅವಳ ಹಿಂದೆ ಎದುರು ಮನೆಯಾಕೆ, ಆಮೇಲೆ ಒಬ್ಬೊಬ್ಬರಾಗಿ ಇಡೀ ಬೀದಿ. ಮೆಟ್ಟಿಲುದ್ದಕ್ಕೂ ಕೊಡಗಳು ನಿಂತವು. ಬಿಸಿಮಾಡಿ ಎರೆದೆ.

ಬೇರೆ ಬೀದಿಯಿಂದ ಬಂದಿದ್ದ ಒಬ್ಬಾಕೆ, ನಮ್ಮ ಪರಿಚಯವಿಲ್ಲದವಳು, ದೊಡ್ಡವಳನ್ನು ತಗ್ಗಿದ ದನಿಯಲ್ಲಿ ಕೇಳಿದಳು: "ಪಾಟಿ ಯಾರು? ಅಪ್ಪಾವೋಡ ಅಮ್ಮಾವಾ?" ಅಪ್ಪನ ಅಮ್ಮನೇ ಎಂದು.

"ಇಲ್ಲೆ" ಎಂದಳು ನನ್ನ ಮಗಳು. "ಎಂಗ ಅಮ್ಮಾವೋಡ ಅಮ್ಮಾ."

ನಮ್ಮ ಅಮ್ಮನ ಅಮ್ಮ. ಹಾಗೆ ಹೇಳುವಾಗ ಅವಳು ಕೈ ತೋರಿಸಿದ್ದು ನನ್ನ ಕಡೆಗೆ.