ಬಂಡೆಯ ಮೇಲಿನ ದೊಡ್ಡ ಸಾಹೇಬರು

2005ರ ಫೆಬ್ರುವರಿಯ ಒಂದು ಭಾನುವಾರ ಬೆಳಿಗ್ಗೆ, ಗಚ್ಚಿಬೌಲಿಯಾಚೆಯ ಬಂಡೆಗುಡ್ಡದಲ್ಲಿ ನನ್ನ ಮಾವ ಕೊಂಬಿನ ಗೂಬೆಯೊಂದನ್ನು ಕಂಡರು. ಪಕ್ಕದಲ್ಲೇ ನಿಂತಿದ್ದ ನನಗೆ ಕಾಣಲಿಲ್ಲ.

ನಮ್ಮಿಬ್ಬರಿಗೂ ಇದ್ದದ್ದು ಒಂದೇ ದುರ್ಬೀನು. ಸುಲ್ತಾನ್ ಬಜಾರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಮಾವ ಕೊಂಡದ್ದು. ಎಡಗಡೆಯ ಗಾಜಿಗೆ ಬೂಸ್ಟು ಹಿಡಿದಿತ್ತು. ಅವರ ಕಣ್ಣಿಗೆ ಹೊಂದಿಸಿದ್ದನ್ನು ನಾನು ತಿರುಗಿಸಿ ನನ್ನ ಕಣ್ಣಿಗೆ ಹೊಂದಿಸಿಕೊಳ್ಳುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತಿತ್ತು. ಗಿಡುಗವೋ ಹದ್ದೋ ಎಂದು ಬಸ್ ಹತ್ತಿದ ಮೇಲೂ ಚರ್ಚೆ ನಡೆಯುತ್ತಿತ್ತು. ಕಂದು ಬಣ್ಣದ ಚಿಕ್ಕ ಹಕ್ಕಿಗಳ ವಿಷಯದಲ್ಲಂತೂ ನಾವು ಎಂದೂ ಒಂದು ತೀರ್ಮಾನಕ್ಕೆ ಬಂದವರಲ್ಲ.

ಅದು ನನ್ನ ಮದುವೆಯಾದ ಮೊದಲ ವರ್ಷ. ಗಂಡನ ಸಾಫ್ಟ್‌ವೇರ್ ಕೆಲಸ ಅಮೆರಿಕದ ಗಡಿಯಾರಕ್ಕೆ ತಕ್ಕಂತೆ ನಡೆಯುತ್ತಿದ್ದುದರಿಂದ ಭಾನುವಾರದ ಬೆಳಗುಗಳೆಲ್ಲ ಅವರ ನಿದ್ದೆಗೆ ಮೀಸಲು. ಮಾವ ಸರ್ಕಾರಿ ನೌಕರಿಯಿಂದ ಆಗಷ್ಟೇ ನಿವೃತ್ತರಾಗಿದ್ದರು. ಮೈಸೂರಿನಿಂದ ಬಂದ ಸೊಸೆಯೊಡನೆ ಏನು ಮಾತಾಡುವುದೆಂದು ಅವರಿಗೆ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಹಕ್ಕಿಗಳಿಂದಾಗಿ ಮಾತು ಶುರುವಾಯಿತು.

ಗೂಬೆಯ ಮಾತನ್ನು ಮಾತ್ರ ಮನೆಯಲ್ಲಿ ಆಡುವಂತಿರಲಿಲ್ಲ. ಅದರ ಹೆಸರು ಹೇಳಿದರೆ ಅದಕ್ಕೆ ಮನೆಯ ದಾರಿ ತೋರಿಸಿದಂತೆ ಎಂದು ಅತ್ತೆ ನಂಬಿದ್ದರು. ಬೀದರ್ ಕಡೆಯ ಅವರ ತವರಿನಲ್ಲೂ ಯಾರೂ ಹೇಳುತ್ತಿರಲಿಲ್ಲವಂತೆ. ಹಕ್ಕಿಗಳ ಪುಸ್ತಕದ ಆ ಪುಟವನ್ನು ಕಾಚಿಗೂಡದ ನಮ್ಮ ಮನೆಯಲ್ಲಿ ತೆರೆಯಲಿಕ್ಕೂ ಬಿಡುತ್ತಿರಲಿಲ್ಲ. ಹಾಗಾಗಿ ಮಾವ ಅದಕ್ಕೆ ಬೇರೆ ಹೆಸರಿಟ್ಟರು.

“ನಮ್ಮ ಆಫೀಸಿನ ದೊಡ್ಡ ಸಾಹೇಬ್ರಂಗ ಐತಿ ಅದು,” ಎಂದರು. “ಕುಂತಲ್ಲೇ ಕುಂತಿರತೈತಿ, ಯಾರ ಕೈಗೂ ಸಿಗಂಗಿಲ್ಲ.”

ಮಾವ ಹೋಗುತ್ತಿದ್ದ ಪಕ್ಷಿವೀಕ್ಷಕರ ಬಳಗಕ್ಕೆ ಒಂದು ನಿಯಮವಿತ್ತು. ಅಪರೂಪದ ಹಕ್ಕಿಯನ್ನು ಕನಿಷ್ಠ ಇಬ್ಬರು ನೋಡಿರಬೇಕು; ಇಲ್ಲವಾದರೆ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತಿತ್ತು. ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯ ಡೆಸ್ಕಿನಲ್ಲೂ ಇದೇ ನಿಯಮ. ಒಬ್ಬರೇ ಹೇಳಿದ ಸುದ್ದಿ ಇನ್ನೊಬ್ಬರು ಹೇಳುವವರೆಗೆ ಕಾಯುತ್ತಿತ್ತು.

ಆ ಭಾನುವಾರ ದುರ್ಬೀನನ್ನು ನನ್ನ ಕೈಗಿಟ್ಟು ಮಾವ ಬಂಡೆಯೊಂದರ ಸೀಳಿನತ್ತ ಬೆರಳು ತೋರಿಸಿದರು. ನಾನು ಬಹಳ ಹೊತ್ತು ನೋಡಿದೆ.

“ಕಾಣಿಸ್ತೇನವಾ?”

“ಕಿವಿ ಥರ ಏನೋ ಎರಡು ಕಾಣ್ತಿದೆ ಮಾವ. ಕಲ್ಲಿನ ಚೂಪೂ ಇರಬಹುದು.”

ನಾನು ಹೂಂ ಎಂದಿದ್ದರೆ ಬಳಗದವರು ಒಪ್ಪಿಬಿಡುತ್ತಿದ್ದರು. ಅದು ಮಾವನಿಗೂ ಗೊತ್ತಿತ್ತು. “ಹಂಗಾದ್ರ ಪ್ರಶ್ನೆ ಹಾಕೋಣ,” ಎಂದರು. ಮತ್ತೊಮ್ಮೆ ಕೇಳಲಿಲ್ಲ.

ಅಲ್ಲಿ ಹೊಸ ಟೆಕ್ ಪಾರ್ಕ್ ಬರುವುದಿತ್ತು. ಬಂಡೆಗಳ ಮೇಲೆ ಆಗಲೇ ಸುಣ್ಣದ ಗುರುತು ಬಿದ್ದಿತ್ತು. ಮಾರ್ಚಿನ ಒಂದು ಭಾನುವಾರ ಹೋದಾಗ, ಸೋಮವಾರದಿಂದ ಸಿಡಿಮದ್ದು ಇಡುತ್ತಾರೆ, ಇನ್ನು ಈ ಕಡೆ ಬರಬೇಡಿ ಎಂದು ಕಾವಲುಗಾರ ತೆಲುಗಿನಲ್ಲಿ ಹೇಳಿದ. ಹಿಂದಿನ ವಾರಗಳಲ್ಲೂ ಮಾವ ಗೂಬೆಯನ್ನು ಕಂಡಿದ್ದರು, ಅದೇ ಬಂಡೆಯ ಅದೇ ಸೀಳಿನಲ್ಲಿ. ಪ್ರತಿ ಸಲವೂ ನನ್ನ ಸರದಿ ಬರುವಷ್ಟರಲ್ಲಿ ಅಲ್ಲಿ ಕಲ್ಲಷ್ಟೇ ಉಳಿದಿರುತ್ತಿತ್ತು.

ಆ ಕೊನೆಯ ಭಾನುವಾರ ಅತ್ತೆಯೂ ಬಂದಿದ್ದರು. ನೀವಿಬ್ಬರೂ ವಾರವಾರ ಎಲ್ಲಿಗೆ ಹೋಗುತ್ತೀರೋ ನಾನೂ ಒಮ್ಮೆ ನೋಡುತ್ತೇನೆ ಎಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಆಟೋ ಹತ್ತಿದ್ದರು. ಮಾವ ಸೀಳನ್ನು ನೋಡಿ ನೋಡಿ ಸೋತರು. ನಾನೂ ಸೋತೆ. ರೊಟ್ಟಿ ತಿನ್ನಲು ಕುಳಿತಾಗ, ದೂರದಲ್ಲಿ ಏಳುತ್ತಿದ್ದ ಗಾಜಿನ ಕಟ್ಟಡ ಎಷ್ಟು ಎತ್ತರವೋ ನೋಡುತ್ತೇನೆಂದು ಅತ್ತೆ ದುರ್ಬೀನು ತೆಗೆದುಕೊಂಡರು.

ಕಟ್ಟಡ ನೋಡಿದರು. ಹಾಗೇ ಬಂಡೆಗಳ ಕಡೆ ತಿರುಗಿದರು. ಒಂದು ಕಡೆ ಕೈ ನಿಂತಿತು. ಬೆರಳು ಮೆಲ್ಲಗೆ ದುರ್ಬೀನಿನ ಗಾಲಿ ತಿರುಗಿಸಿತು. ಆಮೇಲೆ ಅವರು ದುರ್ಬೀನನ್ನು ಮಡಿಲಲ್ಲಿಟ್ಟುಕೊಂಡು ತಲೆಯ ಮೇಲೆ ಸೆರಗು ಎಳೆದುಕೊಂಡರು.

ಮಾವನ ಕೈಯಲ್ಲಿ ರೊಟ್ಟಿಯ ತುಂಡು ಹಾಗೇ ಇತ್ತು. “ಏನ್ ಕಾಣಿಸ್ತು?”

“ಕಲ್ಲು.”

“ಕಲ್ಲು ನೋಡಿ ಸೆರಗ ಯಾಕ ಹೊದ್ಕೊಂಡಿ?”

“ಬಿಸಲಿಗ್ರೀ.”

ಬಿಸಿಲು ಇನ್ನೂ ಗುಡ್ಡ ದಾಟಿರಲಿಲ್ಲ. ಮಾವ ದುರ್ಬೀನು ಕಸಿದುಕೊಂಡು ನೋಡುವಷ್ಟರಲ್ಲಿ ಸೀಳು ಖಾಲಿ. ಆ ದಿನ ಅವರು ಹೆಂಡತಿಯನ್ನು ಗದರಿಸಿದರು, ಗೋಗರೆದರು, ಕೊನೆಗೆ ನಗಿಸಲೂ ನೋಡಿದರು. ಹೆಸರು ಹೇಳುವುದು ಬೇಡ, ಹೂಂ ಅಂದರೆ ಸಾಕು ಎಂದರು. ಅತ್ತೆ ಇನ್ನೊಂದು ರೊಟ್ಟಿ ಬಡಿಸಿದರು. ಆಟೋದಲ್ಲಿ ವಾಪಸು ಬರುವಾಗ ಮಾವ ನನ್ನ ಕಡೆ ಬಾಗಿ, “ನೀ ಏನಂತಿ? ನಿಮ್ಮ ಪೇಪರಿನ್ಯಾಗ ಇದು ನಡೀತೈತೇನು?” ಎಂದು ಕೇಳಿದರು.

ನಿರಾಕರಣೆಯನ್ನು ಒಪ್ಪಿಗೆ ಎಂದು ಬರೆಯುವಂತಿಲ್ಲ ಎಂದೆ. ಅವರು ತಲೆಯಾಡಿಸಿದರು. ಅತ್ತೆ ಹೊರಗೆ ನೋಡುತ್ತಿದ್ದರು. ಸೆರಗು ಇನ್ನೂ ತಲೆಯ ಮೇಲೇ ಇತ್ತು.

ಬಂಡೆ ಹೋಯಿತು. ಬಳಗದ ವಾರ್ತಾಪತ್ರದಲ್ಲಿ ಹಕ್ಕಿಯ ಹೆಸರು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಅಚ್ಚಾಯಿತು. ಮಾವ ಹೊಸ ದುರ್ಬೀನು ಕೊಂಡರು, ಹಳೆಯದು ನನ್ನದಾಯಿತು. ಇಬ್ಬರ ಕೈಯಲ್ಲೂ ಒಂದೊಂದಿದ್ದರೂ ಒಂದೇ ಹಕ್ಕಿಯನ್ನು ಒಟ್ಟಿಗೆ ನೋಡುವುದು ನಮಗೆ ಸುಲಭವಾಗಲಿಲ್ಲ.

ನನ್ನ ಮಗಳು ಒಂದನೇ ತರಗತಿಯಲ್ಲಿದ್ದಾಗ, ಸಂಕ್ರಾಂತಿ ರಜೆಯಲ್ಲಿ, ಕಾಚಿಗೂಡದ ಮನೆಯ ನಡುಮನೆಯಲ್ಲಿ ಕುಳಿತು ಬಣ್ಣ ಹಚ್ಚುವ ಪುಸ್ತಕ ತೆರೆದಳು. ಪುಟದಲ್ಲಿ ಗೂಬೆಯಿತ್ತು. ಕಣ್ಣಿಗೆ ಹಚ್ಚಲು ಹಳದಿ ಬಣ್ಣ ಕೈಗೆತ್ತಿಕೊಂಡಳು. ಅವರೇಕಾಯಿ ಸುಲಿಯುತ್ತಿದ್ದ ಅತ್ತೆ ಡಬ್ಬಿಯಿಂದ ಕಿತ್ತಳೆ ಬಣ್ಣದ ಕಡ್ಡಿ ಆರಿಸಿ ಅವಳಿಗೆ ಕೊಟ್ಟರು.

“ಸಾಹೇಬ್ರ ಕಣ್ಣು ಹಳದಿ ಇರಂಗಿಲ್ಲವ್ವಾ.”

ಮಾವ ಓದುತ್ತಿದ್ದ ಪೇಪರನ್ನು ಕೆಳಗಿಟ್ಟರು. ಅತ್ತೆ ಮತ್ತೆ ಅವರೇಕಾಯಿ ಕೈಗೆತ್ತಿಕೊಂಡರು.

ಬಳಗದ ದಾಖಲೆಯಲ್ಲಿ ಆ ಹಕ್ಕಿಯ ಮುಂದಿನ ಪ್ರಶ್ನಾರ್ಥಕ ಚಿಹ್ನೆ ಈಗಲೂ ಇದೆ.